ಪಾಪ್ ಗಾಯಕರನ್ನು ನೋಡಿ ಹುಡುಗ-ಹುಡುಗಿಯರ ಉಡುಪು, ನಡತೆ ಬದಲಾಗುತ್ತದಾ?

ಉಡುಪಿನ ಮಟ್ಟಿಗೆ ಖಂಡಿತ ಹೌದು. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟಿದರೂ ದೊಗಳೆ ಹೂಡಿ (ತಲೆಗೆ ಟೋಪಿ ಇರುವ ದಪ್ಪ ಅಂಗಿ) ಹಾಕಿಕೊಂಡು ಕಾಲೇಜಿಗೆ ಹೋಗುವ ಹುಡುಗರನ್ನು ನೋಡಿದ್ದೇನೆ.

ನಡತೆ ಮಾತ್ರ ಮನೆಯಿಂದ, ಗೆಳೆಯರಿಂದ ಜಾಸ್ತಿ ಬರುತ್ತದೆ ಅಂತ ನನಗನಿಸುತ್ತದೆ. 1961ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮಾಡಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ಕಣ್ಣೆದುರು ಕಂಡ ಮಕ್ಕಳು ತಾವೂ ಹಾಗೇ ಹೊಡೆದರು. ಸ್ಟಾರ್‌ಗಳನ್ನು ಬೈಯುವ ಮುಂಚೆ ನಾವು ಮಕ್ಕಳೆದುರು ಹೇಗಿದ್ದೇವೆ ಅಂತ ನೋಡಿಕೊಳ್ಳಬೇಕು, ಅಲ್ವಾ?

ನನ್ನ ಅಕ್ಕನ ಮಗಳಿಗೆ ದಕ್ಷಿಣ ಕೊರಿಯಾದ ಪಾಪ್ ತಂಡ ಬಿಟಿಎಸ್ ಅಂದರೆ ಜೀವ. ಅವರಂತೆ ಹಣೆ ಮುಚ್ಚುವ ಹಾಗೆ ಕೂದಲು ಕತ್ತರಿಸಿಕೊಂಡಳು. ಅವ್ವ ಬೈದಳು. ಆದರೆ ಹಾಡಿನ ಅರ್ಥ ತಿಳಿಯಲೆಂದೇ ಅವಳು ನೋಟ್‌ಬುಕ್ ತುಂಬ ಕೊರಿಯನ್ ಅಕ್ಷರ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಂಡಿದ್ದಾಳೆ.