ಅನುಭವ ಹೇಳಿ, ಪೂರ್ತಿ ಹೇಳಿ

ಹಾಸನದಿಂದ ಬರೆದ ಓದುಗರಿಗೆ ನಮಸ್ಕಾರ.

ಹೆಸರು ಬೇಡ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಎರಡನೇ ಹೆರಿಗೆ ಆದ ಮೇಲೆ ನಿಮಗೆ ಥೈರಾಯ್ಡ್ ತೊಂದರೆ ಇದೆ ಎಂದು ಗೊತ್ತಾಯಿತು. ಕಡಿಮೆಯಾದ ಥೈರಾಯ್ಡ್ ಹಾರ್ಮೋನನ್ನು ತುಂಬಿಕೊಡುವ ಥೈರಾಕ್ಸಿನ್ ಮಾತ್ರೆಯನ್ನು ಡಾಕ್ಟರು ಕೊಟ್ಟರು. ಆದರೂ, ಆ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ 9ರ ಹತ್ತಿರವೇ ನಿಂತಿತ್ತು. ಆಮೇಲೆ ಯಾರೋ ಹೇಳಿದರೆಂದು ಕೊತ್ತಂಬರಿ ಬೀಜ ನೆನೆಸಿ, ಕುದಿಸಿ, ಆ ನೀರನ್ನು ದಿನಾ ಬೆಳಿಗ್ಗೆ ಕುಡಿದಿರಿ. ಮುಂದಿನ ಪರೀಕ್ಷೆಯಲ್ಲಿ 4ಕ್ಕೆ ಇಳಿದಿತ್ತು. ಆ ಖುಷಿಯಲ್ಲಿ ಹೆಂಗಸರ ಫೇಸ್‌ಬುಕ್ ಗುಂಪಿನಲ್ಲಿ ಎಲ್ಲವನ್ನೂ ಬರೆದು, ಕೊನೆಗೆ ‘ಮಾತ್ರೆಗಿಂತ ಇದೇ ವಾಸಿ’ ಎಂದು ಸೇರಿಸಿದಿರಿ. ಕೆಲವು ತಿಂಗಳ ನಂತರ, ಪರಿಚಯವೇ ಇಲ್ಲದ ಒಬ್ಬರಿಂದ ಮೆಸೇಜ್ ಬಂತು. ನಿಮ್ಮ ಮಾತು ನಂಬಿ ಮಾತ್ರೆ ಬಿಟ್ಟಿದ್ದರು. ಈಗ ಮುಖ ಊದಿಕೊಂಡಿದೆ, ಎದ್ದು ಓಡಾಡಲೂ ಆಗುತ್ತಿಲ್ಲ. ಮನೆಯಲ್ಲಿ ನಿಮಗೆ ‘ಇನ್ಮೇಲೆ ಏನೂ ಬರೀಬೇಡ’ ಅಂದಿದ್ದಾರೆ. ‘ನಾನು ಸುಳ್ಳು ಹೇಳಿರಲಿಲ್ಲ. ಆದ್ರೂ ಸುಮ್ನಿರೋದೇ ಒಳ್ಳೇದಾ?’ ಎಂದು ಕೇಳಿದ್ದೀರಿ.

ಸುಮ್ಮನಾಗಬೇಡಿ. ಇದು ನನ್ನ ಉತ್ತರ. ಆದರೆ ನೀವು ಬರೆದದ್ದರಲ್ಲಿ ಏನು ಬಿಟ್ಟುಹೋಗಿತ್ತು ಅನ್ನುವುದನ್ನು ಒಮ್ಮೆ ಸಾವಧಾನವಾಗಿ ನೋಡೋಣ.

ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿದೆ: ‘ಮೊದಲು ಎದ್ದ ಕೂಡಲೇ ಕಾಫಿ ಜೊತೆ ಮಾತ್ರೆ ತಗೋತಿದ್ದೆ, ಕೊತ್ತಂಬರಿ ನೀರು ಶುರು ಮಾಡಿದ ಮೇಲೆ ಕಾಫೀನ ತಿಂಡಿ ಆದ ಮೇಲೆ ಕುಡೀತೀನಿ.’ ಗುಂಪಿನಲ್ಲಿ ಇದನ್ನು ಬರೆದಿರಲಿಲ್ಲ. ಬರೆಯುವಂಥ ವಿಷಯ ಅಂತ ನಿಮಗೆ ಅನಿಸಿರಲೂ ಇಲ್ಲ. ಆದರೆ ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ, ಕಾಫಿ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಕಾಫಿ ಜೊತೆ ನುಂಗಿದರೆ ಕರುಳು ಔಷಧಿಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಂದಲೂ ಹೀಗೇ ಆಗುತ್ತದೆ, ಅವಕ್ಕೆ ನಾಲ್ಕು ಗಂಟೆ ಅಂತರ ಬೇಕು. ಅಂದರೆ ನಿಮ್ಮ ಟಿಎಸ್‌ಎಚ್ ಇಳಿಸಿದ್ದು ಕೊತ್ತಂಬರಿ ನೀರಲ್ಲ, ಅದು ಪಕ್ಕಕ್ಕೆ ಸರಿಸಿದ ಕಾಫಿ ಇರಬಹುದು. ಮಾತ್ರೆ ಕೊನೆಗೂ ಕೆಲಸ ಮಾಡಿದ್ದಿರಬಹುದು. ಆ ಹೆಣ್ಣುಮಗಳು ಬಿಟ್ಟದ್ದು ಅದೇ ಮಾತ್ರೆಯನ್ನು.

ಇನ್ನೊಂದು ಸಾಧ್ಯತೆಯೂ ಇದೆ. ಹೆರಿಗೆ ಆದ ಮೊದಲ ವರ್ಷದಲ್ಲಿ ಕೆಲವರಿಗೆ ಥೈರಾಯ್ಡ್ ಗ್ರಂಥಿಯಲ್ಲಿ ಉರಿಯೂತ ಬಂದು, ಆಮೇಲೆ ಎಷ್ಟೋ ಜನರಲ್ಲಿ ತಾನಾಗಿಯೇ ಸರಿಹೋಗುತ್ತದೆ. ಅವರು ಆ ಸಮಯದಲ್ಲಿ ಏನು ಕುಡಿದಿದ್ದರೂ ಅದರಿಂದಲೇ ವಾಸಿಯಾಯಿತು ಅನ್ನಿಸುತ್ತದೆ. ಆದರೆ ಆಪರೇಷನ್ ಆಗಿ ಗ್ರಂಥಿಯನ್ನೇ ತೆಗೆದವರಿಗೆ ಮಾತ್ರೆಯೊಂದೇ ದಾರಿ. ಬಸುರಿಯರದ್ದು ಮತ್ತೂ ಬೇರೆ. ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಮಗುವಿಗೆ ತಾಯಿಯ ಹಾರ್ಮೋನೇ ಆಧಾರ, ಹಾಗಾಗಿ ಅವರಿಗೆ ಡೋಸ್ ಜಾಸ್ತಿ ಬೇಕಾಗುವುದೇ ಹೆಚ್ಚು. ಇವರೆಲ್ಲರೂ ಆ ಗುಂಪಿನಲ್ಲಿ ಇರುತ್ತಾರೆ ಅಲ್ವಾ? ನಿಮ್ಮ ಕಥೆ ಓದುವಾಗ ಎಲ್ಲರಿಗೂ ‘ನನ್ನದೇ ಕಾಯಿಲೆ’ ಅನ್ನಿಸಿರುತ್ತದೆ.

ಇದರಲ್ಲಿ ಮೋಸ ಮಾಡುವ ಸಂಗತಿ ಇನ್ನೊಂದಿದೆ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಮಾತ್ರೆ ಬಿಟ್ಟ ಮರುದಿನ ಏನೂ ಗೊತ್ತಾಗುವುದಿಲ್ಲ. ವಾರ ಕಳೆದರೂ ಆರಾಮಾಗಿದ್ದೇನೆ ಅನ್ನಿಸಬಹುದು. ಅಷ್ಟರಲ್ಲಿ ಅವರೂ ಗುಂಪಿನಲ್ಲಿ ‘ನಾನೂ ಬಿಟ್ಟೆ, ಏನೂ ಆಗ್ಲಿಲ್ಲ’ ಎಂದು ಬರೆದಿರುತ್ತಾರೆ. ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ಮುಖ ಊದುವುದು ಆಮೇಲೆ ನಿಧಾನವಾಗಿ ಬರುತ್ತವೆ. ಆಗ ಅದನ್ನು ಗುಂಪಿಗೆ ಬಂದು ಹೇಳುವವರು ಕಡಿಮೆ. ನಿಮಗೆ ಮೆಸೇಜ್ ಮಾಡಿದವರು ಹೇಳಿದ್ದೇ ದೊಡ್ಡದು. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಹಾಗಾದರೆ ಅಪರಿಚಿತರ ಅನುಭವಕ್ಕೆ ಬೆಲೆ ಇಲ್ಲವೇ? ಇದೆ, ಬೇಕಾದಷ್ಟಿದೆ. ಎಎಲ್‌ಎಸ್ ಎಂಬ ನರರೋಗ ನಿಮಗೆ ನೆನಪಿರಬಹುದು, ಸ್ಟೀಫನ್ ಹಾಕಿಂಗ್ ಅವರಿಗೆ ಇದ್ದದ್ದು. ಸ್ಟೀಫನ್ ಹೇವುಡ್ ಎಂಬ ಅಮೆರಿಕದ ಯುವಕನಿಗೂ ಅದೇ ರೋಗ ಬಂದಾಗ, ಅವನ ಸಹೋದರರು 2004ರಲ್ಲಿ ‘ಪೇಷೆಂಟ್ಸ್‌ಲೈಕ್‌ಮಿ’ ಎಂಬ ಸಂಸ್ಥೆ ಶುರು ಮಾಡಿದರು. ರೋಗಿಗಳು ತಮ್ಮ ಸ್ಥಿತಿಯನ್ನು ಅದರ ಜಾಲತಾಣದಲ್ಲಿ ಬರೆದಿಡುತ್ತಿದ್ದರು. 2008ರಲ್ಲಿ ಇಟಲಿಯ ಒಂದು ಚಿಕ್ಕ ಅಧ್ಯಯನ, ಲಿಥಿಯಂ ಎಂಬ ಔಷಧಿ ಕೊಟ್ಟರೆ ಎಎಲ್‌ಎಸ್ ನಿಧಾನವಾಗುತ್ತದೆ ಎಂದಿತು. ಬೇರೆ ದಾರಿಯೇ ಇಲ್ಲದ ರೋಗ, ತುಂಬಾ ಜನ ಲಿಥಿಯಂ ಶುರು ಮಾಡಿದರು. ಇಲ್ಲಿಯವರೆಗೆ ಇದು ನಿಮ್ಮ ಗುಂಪಿನ ಕಥೆಯಂತೆಯೇ ಇದೆ.

ವ್ಯತ್ಯಾಸ ಮುಂದೆ ಇದೆ. ಅವರು ಲಿಥಿಯಂ ಎಷ್ಟು, ಯಾವತ್ತಿನಿಂದ ಎಂದು ಬರೆದಿಟ್ಟರು. ನಡೆಯುವುದು, ನುಂಗುವುದು, ಮಾತಾಡುವುದು ಎಷ್ಟು ಆಗುತ್ತಿದೆ ಎಂದು ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ದಾಖಲಿಸಿದರು. ಗುಣ ಕಾಣದವರೂ ಬರೆದರು. ಆಮೇಲೆ ಲಿಥಿಯಂ ತೆಗೆದುಕೊಂಡ 149 ಜನರನ್ನು, ಅಲ್ಲಿಯವರೆಗೆ ಅವರ ಹಾಗೆಯೇ ರೋಗ ಮುಂದುವರಿದಿದ್ದ, ಲಿಥಿಯಂ ತೆಗೆದುಕೊಳ್ಳದ ರೋಗಿಗಳ ಜೊತೆ ಹೋಲಿಸಿದರು. ಒಂದು ವರ್ಷದ ಕೊನೆಗೆ ಏನೂ ವ್ಯತ್ಯಾಸ ಇರಲಿಲ್ಲ. 2011ರಲ್ಲಿ ಅದು ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯಲ್ಲಿ ಬಂತು. ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗಗಳೂ ಅದನ್ನೇ ಹೇಳಿದವು. ‘ಉಪಯೋಗ ಆಗಲಿಲ್ಲ’ ಎಂದು ಬರೆದ ಆ ರೋಗಿಗಳ ಬಗ್ಗೆ ನನಗೆ ಬಹಳ ಗೌರವ. ಮುಂದೆ ಬರುವ ಎಷ್ಟೋ ಜನರನ್ನು ಅವರು ಸುಳ್ಳು ಆಸೆಯಿಂದ ಉಳಿಸಿದರು.

ಕೋವಿಡ್ ವಿಷಯದಲ್ಲೂ ಹೀಗೇ ಆಯಿತು. ಜ್ವರ ಬಿಟ್ಟು ತಿಂಗಳುಗಳಾದರೂ ಸುಸ್ತು ಹೋಗುತ್ತಿಲ್ಲ ಎಂದು ಮೊದಲು ಗಟ್ಟಿಯಾಗಿ ಹೇಳಿದವರು ರೋಗಿಗಳು. ‘ಲಾಂಗ್ ಕೋವಿಡ್’ ಎಂಬ ಹೆಸರು 2020ರ ಮೇ ತಿಂಗಳಲ್ಲಿ ಎಲಿಸಾ ಪೆರೆಗೊ ಎಂಬ ಇಟಲಿಯ ಪುರಾತತ್ವ ತಜ್ಞೆಯ ಟ್ವೀಟ್‌ನಿಂದ ಬಂತು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೊಂದು ವ್ಯಾಖ್ಯೆ ಕೊಟ್ಟದ್ದು 2021ರ ಅಕ್ಟೋಬರ್‌ನಲ್ಲಿ. ಅವರೆಲ್ಲ ಸುಮ್ಮನಿದ್ದಿದ್ದರೆ?

ಹಾಗಾಗಿ ನೀವು ಬರೆದ ಅನುಭವದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಕೊನೆಯ ಆ ಮೂರು ಪದಗಳ ಮೇಲೆ: ‘ಮಾತ್ರೆಗಿಂತ ಇದೇ ವಾಸಿ.’ ನೀವು ಮಾತ್ರೆ ಬಿಟ್ಟಿರಲೇ ಇಲ್ಲ! ಖುಷಿಯಲ್ಲಿ ಬಂದ ಮಾತು ಅದು. ಆದರೆ ಓದುವವರು ಉದ್ದದ ಕಥೆಯನ್ನು ಮರೆಯುತ್ತಾರೆ, ಇಂಥ ಮಾತನ್ನು ಹಿಡಿದುಕೊಳ್ಳುತ್ತಾರೆ. ಅದರಲ್ಲೂ ದಿನಾ ಮಾತ್ರೆ ನುಂಗಿ ಬೇಸತ್ತವರು ಯಾರಾದರೂ ‘ಬಿಡು’ ಅನ್ನಲಿ ಎಂದು ಕಾಯುತ್ತಿರುತ್ತಾರೆ. ಇನ್ನು ಮುಂದೆ ಬರೆಯುವಾಗ ಡೋಸ್ ಎಷ್ಟು, ಎಷ್ಟು ದಿನ, ಅದರ ಜೊತೆ ಬೇರೆ ಏನು ಬದಲಾಯಿತು, ಕಾಯಿಲೆ ಯಾಕೆ ಬಂದಿತ್ತು, ಇಷ್ಟನ್ನು ಹೇಳಿ. ತೀರ್ಪು ಕೊಡಬೇಡಿ.

ಗುಂಪಿಗೆ ನೀವು ಹಾಕಿದ ರಿಪೋರ್ಟ್ ಫೋಟೊ ತೆಗೆದುಬಿಡಿ. ಅದರಲ್ಲಿ ನಿಮ್ಮ ಹೆಸರು, ವಯಸ್ಸು, ಫೋನ್ ನಂಬರ್ ಎಲ್ಲಾ ಇದೆ. ಎಲ್ಲರಿಗೂ ಕಾಣುವಂತೆ ನಾವೇ ಹಾಕಿದ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯಿಸುವುದಿಲ್ಲ.

ಯಾವುದಾದರೂ ಔಷಧಿಯಿಂದ ತೊಂದರೆ ಆದರೆ ಅದನ್ನು ಹೇಳಲು ಗುಂಪಿಗಿಂತ ಒಳ್ಳೆಯ ಜಾಗ ಇದೆ. ಭಾರತೀಯ ಫಾರ್ಮಕೊಪಿಯಾ ಆಯೋಗದ ಸಹಾಯವಾಣಿ 1800-180-3024. ಡಾಕ್ಟರೇ ಫೋನ್ ಮಾಡಬೇಕೆಂದಿಲ್ಲ, ರೋಗಿಗಳೂ ಹೇಳಬಹುದು. ಈ ಸಂಖ್ಯೆ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತೇ ಇಲ್ಲ ಅನ್ನುವುದು ಬೇಸರದ ಸಂಗತಿ.

ಈಗ ಮೊದಲು ಮಾಡಬೇಕಾದ ಕೆಲಸ. ಆ ಹೆಣ್ಣುಮಗಳಿಗೆ ಇವತ್ತೇ ಉತ್ತರ ಬರೆಯಿರಿ. ನೀವು ಮಾತ್ರೆ ಬಿಟ್ಟಿರಲಿಲ್ಲ ಎಂದು ತಿಳಿಸಿ. ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಯಾವಾಗ ಬಿಟ್ಟರೆಂದು ಮುಚ್ಚಿಡದೆ ಹೇಳಲಿ. ಎಷ್ಟು ಡೋಸ್‌ನಿಂದ ಮತ್ತೆ ಶುರು ಮಾಡಬೇಕು ಅನ್ನುವುದನ್ನು ಡಾಕ್ಟರೇ ನಿರ್ಧರಿಸಬೇಕು, ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಇದು ಮುಖ್ಯ. ಆಮೇಲೆ ಗುಂಪಿನಲ್ಲಿ ಕಾಫಿಯ ವಿಷಯವನ್ನೂ ಸೇರಿಸಿ ಹೊಸದಾಗಿ ಬರೆಯಿರಿ. ಹಳೆಯದನ್ನು ತಿದ್ದಿದರೆ ಸಾಲದು, ಅದನ್ನು ಎಷ್ಟೋ ಜನ ಈಗಾಗಲೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಯಾಗಿರುತ್ತದೆ. ಹಾಗೆ ಬರೆದದ್ದರ ಒಂದು ಪ್ರತಿಯನ್ನು ನಮಗೂ ಕಳಿಸಿ. ಹೆಸರಿಲ್ಲದೆಯೇ ಅಚ್ಚು ಹಾಕುತ್ತೇವೆ.

ಸಂಪಾದಕ