ಪತ್ರಿಕೋದ್ಯಮ ಓದದವರು ನುಡಿಚಿತ್ರ ಬರೆಯಲು ಕಲಿಯುವುದು ಹೇಗೆ?

ಪತ್ರಿಕೋದ್ಯಮದ ಪದವಿ ಇಲ್ಲದೆ ದಿನಪತ್ರಿಕೆಗಳ ಪುರವಣಿಗಳಿಗೂ ವಾರಪತ್ರಿಕೆಗಳಿಗೂ ನುಡಿಚಿತ್ರ (ಫೀಚರ್ ಲೇಖನ) ಬರೆಯುವುದನ್ನು ಹೇಗೆ ಕಲಿಯಬೇಕೆಂದು ನೀವು ಕೇಳಿದ್ದೀರಿ. ನಾನೂ ಆ ಪದವಿ ಇಲ್ಲದವನೇ. ಉಡುಪಿಯಲ್ಲಿ ಬೇರೆ ಉದ್ಯೋಗದಲ್ಲಿದ್ದುಕೊಂಡು ಬಿಡುವಿನ ವೇಳೆಯಲ್ಲಿ ಬರೆಯುತ್ತ ಬಂದಿದ್ದೇನೆ. ಬರೆಯುವುದಕ್ಕಿಂತ ಮೊದಲು ವಿಚಾರಿಸುವುದನ್ನು ಕಲಿಯಬೇಕೆಂಬುದು ನನಗೆ ತಡವಾಗಿ ತಿಳಿಯಿತು.

ನನ್ನ ಮೊದಲ ಲೇಖನ ಉಡುಪಿ ಬಳಿಯ ಶಂಕರಪುರದ ಮಲ್ಲಿಗೆಯ ಕುರಿತಾಗಿತ್ತು. ಅದರಲ್ಲಿ ಘಮವಿತ್ತು, ಮುಡಿಯಿತ್ತು, ಮುಂಜಾನೆಯ ಮಂಜೂ ಇತ್ತು. ಮಲ್ಲಿಗೆ ಬೆಳೆಯುವವರು ಮಾತ್ರ ಒಬ್ಬರೂ ಇರಲಿಲ್ಲ. ‘ಒಂದು ಚೆಂಡಿಗೆ ಎಷ್ಟು ಹೂವು?’ ಎಂಬ ಉಪಸಂಪಾದಕರ ಒಂದೇ ಪ್ರಶ್ನೆಯೊಂದಿಗೆ ಲೇಖನ ಹಿಂದಿರುಗಿತು. ವರ್ಷಗಟ್ಟಲೆ ಅಂಗಡಿಯಿಂದ ಕಟ್ಟಿದ ಹೂವಿನ ಚೆಂಡು ಕೊಂಡು ತಂದಿದ್ದ ನನ್ನಲ್ಲಿ ಉತ್ತರವಿರಲಿಲ್ಲ. ಶಂಕರಪುರಕ್ಕೆ ಹೋಗಿ, ಹೂ ಕಟ್ಟುತ್ತಿದ್ದ ಮನೆಯೊಂದರ ಜಗಲಿಯಲ್ಲಿ ಕುಳಿತ ಮೇಲೆ ಲೆಕ್ಕ ಸಿಕ್ಕಿತು: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗಾಗಿ 3,200 ಮೊಗ್ಗುಗಳನ್ನು ಬೆಳಿಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅರಳುವ ಮುನ್ನ ಹೂವು ಖರೀದಿಸುವ ಕಟ್ಟೆಗೆ ತಲುಪಿಸಬೇಕು. ಅಂದಿನ ಇಳುವರಿಯನ್ನೂ ಮದುವೆ ಹಬ್ಬಗಳ ಬೇಡಿಕೆಯನ್ನೂ ನೋಡಿ ಅಟ್ಟೆಯ ದರ ನಿಗದಿಯಾಗುತ್ತದೆ. ಹೊಸದಾಗಿ ಬರೆದಾಗ ಲೇಖನ ಆ 3,200 ಮೊಗ್ಗುಗಳಿಂದಲೇ ಆರಂಭವಾಯಿತು.

ಆರಂಭದ ವಿಷಯ ಬಂದದ್ದರಿಂದ ಒಂದು ಮಾತು. ನಮ್ಮ ಕರಾವಳಿಯ ಲೇಖಕರಿಗೆ ಇತಿಹಾಸದಿಂದ ಹೊರಡುವ ಚಾಳಿಯಿದೆ. ಪತ್ರಿಕೆಗಳ ಬಗ್ಗೆ ಬರೆಯುವವರು 1843ರ ‘ಮಂಗಳೂರು ಸಮಾಚಾರ’ದಿಂದಲೂ, ಹಂಚಿನ ಬಗ್ಗೆ ಬರೆಯುವವರು 1865ರಲ್ಲಿ ಬಾಸೆಲ್ ಮಿಷನ್ ತೆರೆದ ಕಾರ್ಖಾನೆಯಿಂದಲೂ ತೊಡಗುತ್ತಾರೆ. ಆ ಇಸವಿಗಳು ಬೇಕು, ಆದರೆ ಮೂರನೆಯ ಅಥವಾ ನಾಲ್ಕನೆಯ ಪ್ಯಾರಾದಲ್ಲಿ ಸಾಕು. ಇಂದು ಹಂಚು ಹೊದೆಸುತ್ತಿರುವವರನ್ನು ಮೊದಲು ಕಾಣಿಸಿದರೆ ಓದುಗರು ಅಲ್ಲಿಯವರೆಗೆ ಬಂದಾರು.

ಭೇಟಿಯಾದವರು ತುಳುವಿನಲ್ಲಿ ಮಾತನಾಡಿದರೆ ನೀವೂ ತುಳುವಿನಲ್ಲೇ ಕೇಳಿ, ಟಿಪ್ಪಣಿಯನ್ನು ಅದೇ ಭಾಷೆಯಲ್ಲಿ ಬರೆದುಕೊಳ್ಳಿ. ಕನ್ನಡಕ್ಕೆ ತರುವ ಕೆಲಸ ಮನೆಯಲ್ಲಿ ನಡೆಯಲಿ. ಅಟ್ಟೆ, ಚೆಂಡು ಮುಂತಾದ ಕಸುಬಿನ ಪದಗಳನ್ನು ಬದಲಿಸದೆ, ಘಟ್ಟದ ಮೇಲಿನವರಿಗೂ ತಿಳಿಯುವಂತೆ ಅಲ್ಲಲ್ಲೇ ವಿವರಿಸಿದರಾಯಿತು. ಹೊರಡುವ ಮುನ್ನ ಹೆಸರು ಮತ್ತು ಅಂಕಿಗಳನ್ನು ಅವರಿಗೇ ಓದಿ ಹೇಳುವುದನ್ನು ಮರೆಯಬೇಡಿ.

ಹೊಸಬರ ಲೇಖನಗಳು ಭಾಷೆಯ ದೋಷಕ್ಕಿಂತ ಹೆಚ್ಚಾಗಿ ತಡವಾಗಿ ಬಂದ ಕಾರಣಕ್ಕೇ ತಿರಸ್ಕೃತವಾಗುತ್ತವೆ ಎಂಬುದು ನನ್ನ ಅನಿಸಿಕೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಮಲ್ಪೆ ಬಂದರಿನಲ್ಲಿ ಬೋಟುಗಳ ದುರಸ್ತಿ ಹೇಗೆ ನಡೆಯುತ್ತದೆಂದು ಬರೆಯಬಯಸಿದರೆ, ವಿಷಯವನ್ನು ನಾಲ್ಕೈದು ಸಾಲುಗಳಲ್ಲಿ ವಿವರಿಸಿ ಮೇ ಆರಂಭದಲ್ಲೇ ಪುರವಣಿಯ ಸಂಪಾದಕರಿಗೆ ಕಳುಹಿಸಬೇಕು. ಜುಲೈ ಕೊನೆಗೆ ಹೊಳೆದರೆ ಟಿಪ್ಪಣಿಗಳನ್ನು ಮಾಡಿಟ್ಟುಕೊಂಡು ಮುಂದಿನ ವರ್ಷಕ್ಕೆ ಕಾಯುವುದೇ ಲೇಸು.

ಉಳಿದವು ಸಣ್ಣ ಶಿಸ್ತುಗಳು. ಪತ್ರಿಕೆ ಕೇಳಿದಷ್ಟೇ ಪದಗಳಲ್ಲಿ ಬರೆಯಿರಿ, ನೀವೇ ತೆಗೆದ ಚಿತ್ರಗಳಿಗೆ ಅಡಿಬರಹ ಸೇರಿಸಿ, ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆಗೆ ಕಳುಹಿಸಬೇಡಿ.

ಪ್ರಕಟವಾದ ದಿನ ಮುದ್ರಿತ ಪುಟವನ್ನೂ ನಿಮ್ಮ ಮೂಲ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ ನೋಡಿ. ನಾನು ಅತಿ ಹೆಚ್ಚು ಕಲಿತದ್ದು ಹಾಗೆಯೇ. ನನ್ನ ಮಲ್ಲಿಗೆಯ ಲೇಖನ ಅರ್ಧಕ್ಕೆ ಇಳಿದು ಬಂದಿತ್ತು. ಅಂಕಿಗಳೂ ಜಗಲಿಯ ಮಾತುಗಳೂ ಹಾಗೆಯೇ ಇದ್ದವು. ಮಂಜಿನ ಸಾಲುಗಳು ಒಂದೂ ಉಳಿದಿರಲಿಲ್ಲ.