ಜಗತ್ತಿನ ಮೊದಲ ವಿಡಿಯೋ ಗೇಮ್ ‘ಪಾಂಗ್’ ಅಂತಾರಲ್ಲ, ನಿಜವೇ?

ಅಲ್ಲ. ಪರದೆ ಮೇಲೆ ಎರಡು ಬ್ಯಾಟುಗಳಿಂದ ಚೆಂಡು ಪುಟಿಸುವ ಆಟ ಇದು; ಅಟಾರಿ ಕಂಪನಿಯ ಈ ಪಾಂಗ್ ಬಂದಿದ್ದು 1972ರ ಕೊನೆಗೆ. 1958ರಲ್ಲೇ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್, ವಿದ್ಯುತ್ ಸಂಕೇತಗಳನ್ನು ತೋರಿಸುವ ಆಸಿಲೋಸ್ಕೋಪ್ ಉಪಕರಣದ ಪರದೆ ಮೇಲೆ ಟೆನಿಸ್ ಆಡಿಸಿದ್ದರು. 1962ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪಿಡಿಪಿ-1 ಕಂಪ್ಯೂಟರಿನಲ್ಲಿ ‘ಸ್ಪೇಸ್‌ವಾರ್’ ಬಂತು. ಕಾಸು ಹಾಕಿ ಆಡುವುದರಲ್ಲೂ ಪಾಂಗ್ ಮೊದಲಲ್ಲ; 1971ರ ‘ಕಂಪ್ಯೂಟರ್ ಸ್ಪೇಸ್’ ಇತ್ತು. ಭರ್ಜರಿಯಾಗಿ ಓಡಿದ್ದು ಮಾತ್ರ ಪಾಂಗ್, ಹಾಗಾಗಿ ಹೆಸರು ಅದಕ್ಕೇ ಅಂಟಿಕೊಂಡಿತು.

ಪಾಂಗ್‌ನ ಕೋಡ್ ಬರೆದಿದ್ದು ಯಾರು ಅಂತಲೂ ಕೆಲವರು ಕೇಳುತ್ತಾರೆ. ಕೋಡೇ ಇಲ್ಲ! ಪ್ರೊಸೆಸರೂ ಇಲ್ಲ, ಬರೀ ಟಿಟಿಎಲ್ ಎಂಬ ಬಗೆಯ ಸರಳ ಲಾಜಿಕ್ ಚಿಪ್‌ಗಳ ಸರ್ಕ್ಯೂಟ್. ಅದನ್ನು ರೂಪಿಸಿದ ಅಟಾರಿ ಎಂಜಿನಿಯರ್ ಅಲನ್ ಆಲ್ಕಾರ್ನ್ ಬ್ಯಾಟನ್ನು 8 ಭಾಗ ಮಾಡಿ, ಚೆಂಡು ಯಾವ ಭಾಗಕ್ಕೆ ತಗುಲಿತೋ ಅದರಂತೆ ಪುಟಿಯುವ ಕೋನ ಬದಲಾಗುವ ಹಾಗೆ ಮಾಡಿದರು. ಸರ್ಕ್ಯೂಟಿನ ದೋಷದಿಂದ ಬ್ಯಾಟು ಪರದೆಯ ಮೇಲ್ತುದಿ ಮುಟ್ಟುತ್ತಿರಲಿಲ್ಲ. ಬೇಕೆಂದೇ ಹಾಗೆ ಬಿಟ್ಟರು. ಸರಿಮಾಡಿದ್ದರೆ ಪಳಗಿದ ಇಬ್ಬರು ನಿಂತರೆ ಆಟ ಮುಗಿಯುತ್ತಲೇ ಇರಲಿಲ್ಲ.